ನೂರನೇ ದಿನ ಎಂತ ಮಾಡ್ತಿ? ಬೇಸರ ಬಾರದ ಆನ್‌ಲೈನ್ ಆಟ ಹುಡುಕುವ ಬಗೆ

ಆಟಿ ತಿಂಗಳ ಒಂದು ಭಾನುವಾರ. ಉಡುಪಿಯಲ್ಲಿ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಅಕ್ಕನ ಮಗ ಸುರತ್ಕಲ್‌ನ ಹಾಸ್ಟೆಲಿನಿಂದ ಮನೆಗೆ ಬಂದಿದ್ದ. ಗೋಳಿಬಜೆ ತಿನ್ನುತ್ತಾ ಮೊಬೈಲಿನಲ್ಲಿ ಬರೆದಿಟ್ಟುಕೊಂಡ ಪಟ್ಟಿ ತೋರಿಸಿದ. ಐದು ಗೇಮ್‌ಗಳ ಹೆಸರು.

"ಮಾವ, ಇದರಲ್ಲಿ ಯಾವುದು ಹಾಕುದು? ಇದರ ಗ್ರಾಫಿಕ್ಸ್ ಭಾರಿ ಲಾಯ್ಕುಂಟು."

"ಗ್ರಾಫಿಕ್ಸ್ ಇರ್ಲಿ ಮಾರಾಯ. ನೂರನೇ ದಿನ ಅದರಲ್ಲಿ ಎಂತ ಮಾಡ್ತಿ?"

"ನೂರನೇ ದಿನವಾ? ಮೊದಲು ಡೌನ್‌ಲೋಡ್ ಆಗ್ಲಿ!"

ಅವನದ್ದು ತಪ್ಪಲ್ಲ. ಹೊಸ ಗೇಮ್‌ನ ಟ್ರೈಲರ್ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ನಾನೂ ಹಾಗೆ ಎಷ್ಟೋ ಹಾಕಿದ್ದೇನೆ, ಮೂರು ವಾರಕ್ಕೆ ತೆಗೆದಿದ್ದೇನೆ. ಮಣಿಪಾಲದ ಒಂದು ಸೈಬರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ರೂನ್‌ಸ್ಕೇಪ್ ಆಡಲು ಶುರು ಮಾಡಿದವನು ನಾನು. ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೂ ಬಿಟ್ಟಿಲ್ಲ. ಇಷ್ಟು ವರ್ಷದಲ್ಲಿ ನನ್ನ ಜೊತೆ ಉಳಿದದ್ದು ಮೂರೋ ನಾಲ್ಕೋ ಗೇಮ್ ಮಾತ್ರ. ಅವು ಉಳಿದದ್ದಕ್ಕೂ ಗ್ರಾಫಿಕ್ಸಿಗೂ ಏನೂ ಸಂಬಂಧ ಇಲ್ಲ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಈ ಜಾತಿಯ ಗೇಮ್‌ಗಳಿಗೆ ಎಂಎಂಓಆರ್‌ಪಿಜಿ ಅಂತ ಉದ್ದದ ಹೆಸರು. ಸಾವಿರಾರು ಜನ ಒಂದೇ ಲೋಕದೊಳಗೆ ವೇಷ ಕಟ್ಟಿ ಆಡುವ ಆಟ ಅಂದುಕೊಳ್ಳಿ. ನಮ್ಮ ಕಡೆಯವರಿಗೆ ಇದು ಅರ್ಥ ಆಗುವುದು ಸುಲಭ. "ಇವತ್ತು ಎಲ್ಲಿ ಆಟ?" ಅಂತ ಕೇಳಿದರೆ ಇಲ್ಲಿ ಯಾರೂ ಕ್ರಿಕೆಟ್ ಅಂದುಕೊಳ್ಳುವುದಿಲ್ಲ. ಆಟ ಅಂದರೆ ಯಕ್ಷಗಾನ. ವೇಷ, ಪ್ರಸಂಗ, ಯುದ್ಧ ಎಲ್ಲ ಗೇಮ್‌ನಲ್ಲೂ ಉಂಟು. ಬೆಳಗಾದರೂ ಮಂಗಳ ಹಾಡುವುದಿಲ್ಲ, ಅಷ್ಟೇ. ನೀವು ಕಂಪ್ಯೂಟರ್ ಆರಿಸಿ ಮಲಗಿದ ಮೇಲೂ ಆ ಲೋಕ ನಡೆಯುತ್ತಲೇ ಇರುತ್ತದೆ.

ಇದರ ಬೇರು 1978ರಲ್ಲಿದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ 'ಮಡ್' ಎಂಬ ಆಟ ಬರೆಯತೊಡಗಿದ. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಚಿತ್ರವೇ ಇಲ್ಲ, ಬರೀ ಅಕ್ಷರ. 1997ರಲ್ಲಿ ಅಲ್ಟಿಮಾ ಆನ್‌ಲೈನ್, 1999ರಲ್ಲಿ ಎವರ್‌ಕ್ವೆಸ್ಟ್, 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದವು. ಈ ಮೂರೂ ಇಪ್ಪತ್ತು ವರ್ಷ ದಾಟಿದ ಮೇಲೂ ನಡೆಯುತ್ತಿವೆ. ಅವುಗಳ ನಂತರ ಬಂದು, ಅವುಗಳಿಗಿಂತ ಚೆಂದ ಕಂಡು, ಅವುಗಳಿಗಿಂತ ಮೊದಲೇ ಬಾಗಿಲು ಹಾಕಿದ ಗೇಮ್‌ಗಳು ಎಷ್ಟೋ.

ಹಾಗಾದರೆ ಬೇಸರ ಬರುವುದು ಯಾಕೆ? ಅದು ಮದುವೆ ಊಟದ ಲೆಕ್ಕ. ಅಡುಗೆ ಭಟ್ಟರು ರಾತ್ರಿಯಿಡೀ ಬೇಯಿಸಿದ್ದು ಮೂರು ಪಂಕ್ತಿಯಲ್ಲಿ ಖಾಲಿ. ಕಂಪನಿಯವರು ಒಂದೆರಡು ವರ್ಷ ಕೂತು ಹೊಸ ಊರು, ಹೊಸ ರಾಕ್ಷಸ, ಹೊಸ ಕಥೆ ಮಾಡುತ್ತಾರೆ. ಆಡುವವರು ಅದನ್ನು ಕೆಲವೇ ವಾರದಲ್ಲಿ ಮುಗಿಸಿ "ಮುಂದೆಂತ?" ಅಂತ ಎಲೆ ಮುಂದೆ ಕೂತಿರುತ್ತಾರೆ. ಮಾಡುವ ವೇಗ ಯಾವತ್ತೂ ತಿನ್ನುವ ವೇಗಕ್ಕೆ ಸಮ ಆಗುವುದಿಲ್ಲ. ಆದ್ದರಿಂದ ಪ್ರತಿ ಗೇಮ್‌ಗೂ ಆ ನಡುವಿನ ಹೊತ್ತನ್ನು ತುಂಬಿಸಲು ಒಂದು ಉಪಾಯ ಬೇಕು. ಗೇಮ್ ಆರಿಸುವಾಗ ನಾವು ನೋಡಬೇಕಾದದ್ದು ಆ ಉಪಾಯವನ್ನೇ.

ಹಳೇ ಉಪಾಯ ಏಣಿ. ಇನ್ನೊಂದು ಮೆಟ್ಟಿಲು, ಇನ್ನೂ ದೊಡ್ಡ ಕತ್ತಿ. ವಾರ್‌ಕ್ರಾಫ್ಟ್‌ನಲ್ಲಿ 2004ರಲ್ಲಿ 60ನೇ ಲೆವೆಲ್ ಕೊನೆ. 2007ಕ್ಕೆ ಅದು 70 ಆಯಿತು, 2008ಕ್ಕೆ 80. ಹೀಗೆ ಹತ್ತುತ್ತಾ 2018ಕ್ಕೆ 120. ಸಂಖ್ಯೆ ಕೈಮೀರಿತು. 2020ರಲ್ಲಿ ಕಂಪನಿಯವರೇ 120 ಇದ್ದವರನ್ನೆಲ್ಲ 50ಕ್ಕೆ ಇಳಿಸಿ, ಮತ್ತೆ 60ನ್ನೇ ಕೊನೆ ಮಾಡಿದರು. ಹದಿನಾರು ವರ್ಷ ಹತ್ತಿ ಮತ್ತೆ ಅದೇ ಮೆಟ್ಟಿಲು! ನಗು ಬರುತ್ತದೆ, ಆದರೆ ಏಣಿ ಹತ್ತುವ ಮಜಾ ಸುಳ್ಳಲ್ಲ. ಅದರ ತೊಂದರೆ ಬೇರೆ. ಆರು ತಿಂಗಳು ರಜೆ ಹಾಕಿದರೆ ನಿಮ್ಮ ಕತ್ತಿ ಗುಜರಿ ಆಗಿರುತ್ತದೆ.

ಇದಕ್ಕೆ ಉಲ್ಟಾ ದಾರಿ ಹಿಡಿದದ್ದು ಗಿಲ್ಡ್ ವಾರ್ಸ್ 2. 2012ರಲ್ಲಿ ಬಂದಾಗ 80ನೇ ಲೆವೆಲ್ ಕೊನೆ ಇತ್ತು, ಈಗಲೂ 80ನೇ. 2013ರಲ್ಲಿ ಬೆವರು ಸುರಿಸಿ ಮಾಡಿಟ್ಟ ಅತಿ ಮೇಲಿನ ದರ್ಜೆಯ ಕತ್ತಿ ಇವತ್ತಿಗೂ ಮೇಲಿನ ದರ್ಜೆಯದ್ದೇ. ಹೊಸದಾಗಿ ಬರುವುದು ಹೊಸ ಜಾಗ, ಹೊಸ ಸವಾರಿ ಪ್ರಾಣಿ, ಹೊಸ ಬಗೆಯ ಹೊಡೆದಾಟ. ಒಂದೂವರೆ ವರ್ಷ ಬಿಟ್ಟು ನಾನು ಅದಕ್ಕೆ ಮರಳಿದ್ದೆ. ಹತ್ತು ನಿಮಿಷದಲ್ಲಿ ಎಲ್ಲರ ನಡುವೆ ನಿಂತು ದೊಡ್ಡ ಡ್ರ್ಯಾಗನ್ ಹೊಡೆಯುತ್ತಿದ್ದೆ. ಯಾರೂ ಹಿಂದೆ ತಳ್ಳಲಿಲ್ಲ. ಕೆಲಸ, ಮನೆ, ಮಕ್ಕಳು ಇರುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ತಿಂಗಳ ಚಂದಾ ಕೂಡ ಇಲ್ಲ.

ಮೂರನೇ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ: ಆಡುವವರೇ ಒಬ್ಬರಿಗೊಬ್ಬರು ಕೆಲಸ ಹುಟ್ಟಿಸುವುದು. ಇದನ್ನು ಹೇಳಲು ಮಲ್ಪೆಗೆ ಹೋಗಬೇಕು. ಬಂಗುಡೆ ರಾಶಿ ಬಿದ್ದ ದಿನ ಧಕ್ಕೆಯಲ್ಲಿ ದರ ನೆಲ ಕಚ್ಚುತ್ತದೆ. ಅದೇ ಬಂಗುಡೆಗೆ ಐಸ್ ಹಾಕಿ ಘಾಟಿ ಹತ್ತಿಸಿದರೆ ಶಿವಮೊಗ್ಗದಲ್ಲಿ ಬೇರೆ ದರ. ಆದರೆ ನಡುವೆ ಲಾರಿ ಕೆಡಬಹುದು, ಘಾಟಿಯಲ್ಲಿ ಮಣ್ಣು ಕುಸಿಯಬಹುದು. ಅಷ್ಟು ತಲೆಬಿಸಿಗೆ ಸಿಗುವುದೇ ಆ ದರದ ಅಂತರ.

ಅಲ್ಬಿಯನ್ ಆನ್‌ಲೈನ್ ಎಂಬ ಗೇಮ್‌ನಲ್ಲಿ ಇದೇ ನಡೆಯುತ್ತದೆ. 2017ರಲ್ಲಿ ಬಂದ ಜರ್ಮನಿಯ ಗೇಮ್ ಅದು. ಅಲ್ಲಿ ಬಹುತೇಕ ಎಲ್ಲ ಕತ್ತಿ, ಕವಚ, ಚೀಲ ಆಡುವವರೇ ಮಾಡಿದ್ದು. ಪ್ರತಿ ಊರಿಗೂ ಅದರದ್ದೇ ಮಾರುಕಟ್ಟೆ. ಒಂದು ಊರಲ್ಲಿ ಇಟ್ಟ ಸರಕು ಇನ್ನೊಂದು ಊರಲ್ಲಿ ಕಾಣುವುದಿಲ್ಲ, ನೀವೇ ಹೊತ್ತು ಹೋಗಬೇಕು. ಥೆಟ್‌ಫರ್ಡ್ ಎಂಬ ಊರಲ್ಲಿ ಅದಿರು ಕರಗಿಸಿದರೆ ಲಾಭ ಜಾಸ್ತಿ, ಫೋರ್ಟ್ ಸ್ಟರ್ಲಿಂಗ್‌ನಲ್ಲಿ ಮರ ಕೊಯ್ದರೆ ಜಾಸ್ತಿ. ನಡುವಿನ ಕೇರ್ಲಿಯನ್ ಎಂಬ ಊರಲ್ಲಿ ದರ ಚೆನ್ನಾಗಿರುತ್ತದೆ. ಆದರೆ ಅಲ್ಲಿಗೆ ಹೋಗಲು ಕೆಂಪು ವಲಯ ದಾಟಬೇಕು. ಆ ವಲಯದಲ್ಲಿ ಯಾರಾದರೂ ನಿಮ್ಮನ್ನು ಕೊಂದರೆ ಮೈಮೇಲಿದ್ದದ್ದೆಲ್ಲ ಹೋದ ಹಾಗೆ. ಸರಕು ಹೊರಲು ಎತ್ತು ಸಿಗುತ್ತದೆ. ಕಂಬಳದ ಕೋಣ ಅಂದುಕೊಳ್ಳಬೇಡಿ, ಇದು ನಿಧಾನ ನಡೆಯುವ ಎತ್ತು. ಅದನ್ನು ಹೊಡೆದುಕೊಂಡು ಆ ದಾರಿಯಲ್ಲಿ ಹೋಗುವಾಗ ಎದೆ ಡವಡವ ಅನ್ನುವುದನ್ನು ಯಾವ ಕಥೆ ಬರೆಯುವವನೂ ಬರೆದದ್ದಲ್ಲ. ಪೊದೆಯ ಹಿಂದೆ ಕಾಯುತ್ತಿರುವುದು ನಿಜವಾದ ಮನುಷ್ಯ.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದದ್ದು ಐಸ್‌ಲ್ಯಾಂಡಿನ ಈವ್ ಆನ್‌ಲೈನ್. 2003ರಿಂದ ನಡೆಯುತ್ತಿದೆ. ಆಕಾಶ, ಹಡಗು, ವ್ಯಾಪಾರ, ರಾಜಕೀಯ. 2014ರ ಜನವರಿಯಲ್ಲಿ ಅಲ್ಲಿ ದೊಡ್ಡ ಯುದ್ಧ ಆಯಿತು. ಒಂದು ಕೂಟದವರ ಹಿಡಿತದಲ್ಲಿದ್ದ ಜಾಗದ ಬಾಡಿಗೆ ಸಮಯಕ್ಕೆ ಸರಿಯಾಗಿ ಕಟ್ಟಿ ಹೋಗಲಿಲ್ಲ. ಕರೆಂಟ್ ಬಿಲ್ ಕಟ್ಟಲು ಮರೆತ ಹಾಗೆ! ಎದುರಿನವರು ನುಗ್ಗಿದರು. ಸುಮಾರು 21 ಗಂಟೆ ಹೊಡೆದಾಟ. ಏಳು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಟೈಟಾನ್ ಎಂಬ ಅತಿ ದೊಡ್ಡ ಹಡಗುಗಳೇ 75 ಮುಳುಗಿದವು. ನಾಶವಾದದ್ದನ್ನು ನಿಜ ದುಡ್ಡಿಗೆ ಲೆಕ್ಕ ಹಾಕಿದರೆ ಮೂರು ಲಕ್ಷ ಡಾಲರ್ ದಾಟುತ್ತದೆ. ಕಂಪನಿಯವರು ಇದರಲ್ಲಿ ಒಂದು ಸಾಲೂ ಬರೆದಿರಲಿಲ್ಲ.

ಪ್ರಸಂಗ ಒಂದೇ ಆದರೂ ಅರ್ಥ ಹೇಳುವವರು ಬದಲಾದರೆ ತಾಳಮದ್ದಳೆಯೇ ಬೇರೆ ಆಗುತ್ತದಲ್ವಾ? ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೂ ಜನ ಬಂದು ಕೂರುತ್ತಾರೆ. ಇವತ್ತು ಎದುರು ಬದುರು ಯಾರು ಕೂತಿದ್ದಾರೆ ಎಂಬುದು ಮುಖ್ಯ. ಗೇಮ್‌ನಲ್ಲೂ ನೂರನೇ ದಿನಕ್ಕೆ ನಿಮ್ಮನ್ನು ಕರೆತರುವುದು ಎದುರು ಕೂತ ಜನವೇ. ಆ ಜನ ನಿಮಗೆ ಹೇಗೆ ಸಿಗುತ್ತಾರೆ, ಆ ಗೇಮ್ ಅದಕ್ಕೆ ಎಂತ ವ್ಯವಸ್ಥೆ ಮಾಡಿದೆ ಅಂತ ನೋಡಿ.

ನನಗೆ ತುಂಬಾ ಹಿಡಿಸಿದ ವ್ಯವಸ್ಥೆ ಫೈನಲ್ ಫ್ಯಾಂಟಸಿ 14ರದ್ದು. ಸಾಮಾನ್ಯವಾಗಿ ಹಳೇ ಗೇಮ್‌ಗೆ ಹೊಸಬ ಹೋದರೆ ಮೊದಲ ಗುಹೆಯ ಹತ್ತಿರ ಒಬ್ಬನೇ ನಿಂತಿರಬೇಕು. ಹಳಬರೆಲ್ಲ ಎಲ್ಲೋ ಮುಂದೆ ಹೋಗಿರುತ್ತಾರೆ. ಇಲ್ಲಿ ಹಾಗಲ್ಲ. ದಿನಕ್ಕೊಮ್ಮೆ ಹಳೇ ಗುಹೆಗೆ ಹೋಗಿ ಬರುವ ಹಳಬರಿಗೆ ಒಳ್ಳೆಯ ಬಹುಮಾನ ಇಟ್ಟಿದ್ದಾರೆ. ತಂಡದಲ್ಲಿ ಮೊದಲ ಸಲ ಬಂದವನಿದ್ದರೆ ಎಲ್ಲರಿಗೂ ಇನ್ನಷ್ಟು ಸಿಗುತ್ತದೆ. ಹಾಗಾಗಿ ಹೊಸಬ ಬಂದ ಅಂತ ಗೊತ್ತಾದರೆ ಬೈಯುವುದಿಲ್ಲ, ಖುಷಿಪಡುತ್ತಾರೆ. ನಾನು ಮೊದಲ ದಿನ ದಾರಿ ತಪ್ಪಿ ಎರಡು ಸಲ ಸತ್ತೆ. ಯಾರೋ ಪುಣ್ಯಾತ್ಮ ನಿಂತು ಎಬ್ಬಿಸಿ, ಪರದೆಯಲ್ಲಿ ಬಾಣದ ಗುರುತು ಹಾಕಿ ತೋರಿಸಿದ. ನಮ್ಮ ಆಟದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷ ಇರುವುದೂ ಇದಕ್ಕೇ ಅಲ್ವಾ? ಕಲಿಯುವ ಹುಡುಗರಿಗೂ ಅದೇ ರಂಗಸ್ಥಳದಲ್ಲಿ ಜಾಗ.

ಇನ್ನು ನೀವು ಎಂಥ ಆಟಗಾರ ಎಂಬ ಪ್ರಶ್ನೆ. ಮಡ್ ಮಾಡಿದ ಅದೇ ಬಾರ್ಟಲ್ 1996ರಲ್ಲಿ ಆಡುವವರನ್ನು ನಾಲ್ಕು ಬಗೆ ಮಾಡಿ ಒಂದು ಪ್ರಬಂಧ ಬರೆದ. ಉಡುಪಿ ಪರ್ಯಾಯಕ್ಕೆ ಬರುವ ಜನರನ್ನು ನೋಡಿದರೆ ಆ ನಾಲ್ಕೂ ಸಿಗುತ್ತವೆ. ಒಬ್ಬ ಎಂಟೂ ಮಠಕ್ಕೆ ಹೋಗಿ ಲೆಕ್ಕ ಮುಗಿಸಿಯೇ ಮನೆಗೆ ಬರುವವ. ಇನ್ನೊಬ್ಬನಿಗೆ ರಥಬೀದಿಯ ಹಿಂದಿನ ಸಂದಿಗೊಂದಿ ಸುತ್ತುವುದೇ ಖುಷಿ. ಮೂರನೆಯವ ಬಂದದ್ದೇ ಗೆಳೆಯರ ಜೊತೆ ನಿಂತು ಪಟ್ಟಾಂಗ ಹೊಡೆಯಲಿಕ್ಕೆ. ನಾಲ್ಕನೆಯವ ಊಟದ ಸಾಲಿನಲ್ಲೂ ಒಂದು ಜಗಳ ತೆಗೆಯುತ್ತಾನೆ. ಮೊದಲನೆಯವನಿಗೆ ವಾರ್‌ಕ್ರಾಫ್ಟ್ ಅಥವಾ ರೂನ್‌ಸ್ಕೇಪ್ ಆಗಬಹುದು. ಎರಡನೆಯವನಿಗೆ ಗಿಲ್ಡ್ ವಾರ್ಸ್. ಮೂರನೆಯವನಿಗೆ ಫೈನಲ್ ಫ್ಯಾಂಟಸಿ. ನಾಲ್ಕನೆಯವನು ಅಲ್ಬಿಯನ್‌ನ ಪೊದೆಯ ಹಿಂದೆ ಈಗಾಗಲೇ ಕೂತಿದ್ದಾನೆ. ಯಾರೂ ಪೂರ್ತಿ ಒಂದೇ ಬಗೆ ಇರುವುದಿಲ್ಲ, ಆದರೂ ಯಾವುದು ಜಾಸ್ತಿ ಅಂತ ನಿಮಗೇ ಗೊತ್ತಿರುತ್ತದೆ.

ನಮ್ಮ ಊರಲ್ಲಿ ಕೂತು ಆಡುವವರು ಮರೆಯಬಾರದ ವಿಷಯ ದೂರ. ಗೇಮ್ ನಡೆಸುವ ಕಂಪನಿಯ ಕಂಪ್ಯೂಟರ್, ಅಂದರೆ ಸರ್ವರ್, ನಮ್ಮಿಂದ ಎಷ್ಟು ದೂರ ಉಂಟು ಎಂಬುದು. ಕೇಬಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಮಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ನೇರ ಗೆರೆ ಎಳೆದರೆ ಸುಮಾರು 7,200 ಕಿಲೋಮೀಟರ್. ಹೋಗಿ ಬರಲು 70 ಮಿಲಿಸೆಕೆಂಡಿಗಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ. ಕೇಬಲ್ ಸಮುದ್ರದಲ್ಲಿ ಸುತ್ತಿ ಬಳಸಿ ಹೋಗುವುದರಿಂದ ನಿಜವಾಗಿ ಆಗುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಸಿಂಗಾಪುರ ಅದರ ಅರ್ಧಕ್ಕಿಂತಲೂ ಹತ್ತಿರ. ಎಷ್ಟು ದುಬಾರಿ ಇಂಟರ್‌ನೆಟ್ ಪ್ಲ್ಯಾನ್ ಹಾಕಿಸಿದರೂ ಈ ದೂರ ಕಮ್ಮಿ ಆಗುವುದಿಲ್ಲ. ಅಲ್ಬಿಯನ್‌ನವರು 2023ರಲ್ಲಿ ಏಷ್ಯಾಕ್ಕೆ ಅಂತ ಸಿಂಗಾಪುರದಲ್ಲಿ ಸರ್ವರ್ ಹಾಕಿದ ಮೇಲೆ ನಮಗೆ ಅದು ಬಹಳ ಸಲೀಸಾಯಿತು.

ಕೆಲವು ಗೇಮ್‌ಗೆ ಈ ತಡ ಲೆಕ್ಕಕ್ಕೇ ಇಲ್ಲ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಸರ್ವರ್ ನಮ್ಮ ನಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ತಾಳ 0.6 ಸೆಕೆಂಡಿಗೊಮ್ಮೆ ಬೀಳುತ್ತದೆ. ಈವ್‌ನದ್ದು ಸೆಕೆಂಡಿಗೊಮ್ಮೆ. ನೀವು ಒತ್ತಿದ ಗುಂಡಿ ಮುಂದಿನ ತಾಳ ಬೀಳುವ ಮುಂಚೆ ತಲುಪಿದರೆ ಸಾಕು. ಮಳೆಗಾಲದಲ್ಲಿ ಲೈನ್ ಎಳೆದಾಡುವಾಗ ನಾನು ರೂನ್‌ಸ್ಕೇಪ್‌ಗೆ ಹೋಗುವುದು ಇದಕ್ಕೇ. ಮೀನು ಹಿಡಿಯುತ್ತೇನೆ, ಮರ ಕಡಿಯುತ್ತೇನೆ. ಕರೆಂಟ್ ಹೋದರೂ ದೊಡ್ಡ ನಷ್ಟ ಇಲ್ಲ. ಬೇರೆಯವರ ಜೀವ ನಿಮ್ಮ ಕೈಯಲ್ಲಿರುವ ಗೇಮ್ ಆದರೆ ಇನ್ವರ್ಟರ್ ಬೇಕೇ ಬೇಕು, ರೂಟರ್ ಕೂಡ ಅದಕ್ಕೆ ಸೇರಿರಬೇಕು.

ಗಡಿಯಾರವನ್ನೂ ನೋಡಿ. ಯುರೋಪಿನ ತಂಡದವರು ರಾತ್ರಿ ಎಂಟಕ್ಕೆ ಸೇರುವುದು ಅಂದರೆ ಚಳಿಗಾಲದಲ್ಲಿ ನಮಗೆ ಮಧ್ಯರಾತ್ರಿ ಹನ್ನೆರಡೂವರೆ. ಒಂದು ವರ್ಷ ನಾನು ಹಾಗೆ ಆಡಿದೆ. ಬೆಳಿಗ್ಗೆ ಮಂಗಳೂರು ಬಸ್ಸಿನಲ್ಲಿ ನಿದ್ದೆ ಮಾಡಿ ಸ್ಟಾಪ್ ತಪ್ಪಿಸಿಕೊಂಡದ್ದಕ್ಕೆ ಲೆಕ್ಕ ಇಲ್ಲ. ಸಿಂಗಾಪುರದವರ ರಾತ್ರಿ ಹತ್ತು ಅಂದರೆ ನಮಗೆ ಏಳೂವರೆ. ಊಟಕ್ಕೆ ಮುಂಚೆ ಒಂದು ಸುತ್ತು ಆಗುತ್ತದೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತಿಂಗಳ ಚಂದಾ, ಒಮ್ಮೆ ಕೊಳ್ಳುವುದು, ಪುಕ್ಕಟೆ ಕೊಟ್ಟು ಅಂಗಡಿ ಇಡುವುದು ಅಂತ ಮೂರು ಬಗೆ. ವಾರ್‌ಕ್ರಾಫ್ಟ್‌ನ ಅಮೆರಿಕದ ಚಂದಾ ತಿಂಗಳಿಗೆ 14.99 ಡಾಲರ್, ನಮ್ಮ ಸಾವಿರದ ಇನ್ನೂರು ರೂಪಾಯಿಗಿಂತ ಜಾಸ್ತಿ. ದಿನಾ ಆಡುವವರಿಗೆ ಸರಿ, ಭಾನುವಾರ ಮಾತ್ರ ಆಡುವವರಿಗೆ ದಂಡ. ಪುಕ್ಕಟೆಯದ್ದರಲ್ಲಿ ಅಂಗಡಿಯಲ್ಲಿ ಎಂತ ಇದೆ ಅಂತ ಮೊದಲು ನೋಡಿ. ಬಟ್ಟೆ, ಬಣ್ಣ ಇದ್ದರೆ ತೊಂದರೆ ಇಲ್ಲ. ಬಲ ಮಾರುತ್ತಿದ್ದರೆ ಸುಮ್ನೆ ಎದ್ದು ಬನ್ನಿ. ಫೈನಲ್ ಫ್ಯಾಂಟಸಿಯಲ್ಲಿ 70ನೇ ಲೆವೆಲ್ ತನಕ ಪುಕ್ಕಟೆ, ದಿನದ ಮಿತಿಯೂ ಇಲ್ಲ. ಮಾರುಕಟ್ಟೆಗೆ ಹೋಗುವ ಹಾಗಿಲ್ಲ, ಸಂಘ ಸೇರುವ ಹಾಗಿಲ್ಲ. ಆದರೂ ರುಚಿ ನೋಡಲು ಅದು ಧಾರಾಳ.

ಕೊನೆಯದಾಗಿ, ಆ ಗೇಮ್ ಬದುಕಿರುತ್ತದಾ? ನಾನು ಎರಡು ವರ್ಷ ಆಡಿದ ಒಂದು ಗೇಮ್ ಮುಚ್ಚಿತು. ಹೆಸರು ಬೇಡ. ಕೊನೆಯ ರಾತ್ರಿ ನಲವತ್ತು ಜನ ಒಂದು ಬಂದರಿನಲ್ಲಿ ಸೇರಿದೆವು. ಒಬ್ಬ ತನ್ನ ಚೀಲದಲ್ಲಿದ್ದ ಬಂಗಾರವನ್ನೆಲ್ಲ ನೀರಿನ ಬದಿಯಲ್ಲಿ ಸುರಿದ. ಇನ್ನೊಬ್ಬ ಪಟಾಕಿ ಹಚ್ಚಿದ. ನಾನು ಕಟ್ಟೆಯ ತುದಿಯಲ್ಲಿ ಕೂತಿದ್ದೆ. ಒಬ್ಬಾಕೆ "ನಾಳೆ ಎಲ್ಲಿ ಸಿಗೋಣ?" ಅಂತ ಬರೆಯುತ್ತಿದ್ದಳು, ಅಷ್ಟರಲ್ಲಿ ಪರದೆ ಕಪ್ಪಾಯಿತು. ಅದಾದ ಮೇಲೆ ಯಾವ ಗೇಮ್‌ಗೂ ಸೇರುವ ಮುಂಚೆ ವಿಚಾರಿಸುವ ಅಭ್ಯಾಸ ಮಾಡಿಕೊಂಡೆ.

ಎಂತ ವಿಚಾರಿಸುವುದು? ಮಂಗಳವಾರದಂಥ ಸಪ್ಪೆ ದಿನ ಸಂಜೆ ಹೊಸಬರು ಬಂದಿಳಿಯುವ ಊರಲ್ಲಿ ಹತ್ತು ನಿಮಿಷ ನಿಂತು ನೋಡಿ. ಚಾಟ್‌ನಲ್ಲಿ ಒಂದು ದಡ್ಡ ಪ್ರಶ್ನೆ ಕೇಳಿ, ಯಾರಾದರೂ ಉತ್ತರ ಕೊಡುತ್ತಾರಾ ಅಂತ ಕಾಯಿರಿ. ಕಳೆದ ಒಂದು ವರ್ಷದಲ್ಲಿ ಅಂಗಡಿಗೆ ಹೊಸ ಬಟ್ಟೆ ಎಷ್ಟು ಬಂತು, ಆಟಕ್ಕೆ ಹೊಸದು ಎಷ್ಟು ಬಂತು ಅಂತ ಹೋಲಿಸಿ. ಆಡುವವರ ಮಾತು ಕೇಳುವ ಕಂಪನಿಯಾ ಅಂತಲೂ ನೋಡಿ. ರೂನ್‌ಸ್ಕೇಪ್‌ನವರು 2013ರಲ್ಲಿ, ಜನ ಕೇಳಿದರು ಅಂತ, 2007ರ ಹಳೇ ಪ್ರತಿಯನ್ನು ತೆಗೆದು ಮತ್ತೆ ನಡೆಸಿದರು. ಅದೇ ಓಲ್ಡ್ ಸ್ಕೂಲ್. ಅಲ್ಲಿ ಹೊಸದೇನಾದರೂ ಸೇರಿಸಬೇಕಾದರೆ ಆಡುವವರ ಮತ ಕೇಳುತ್ತಾರೆ, ಈಗ ನೂರಕ್ಕೆ 70 ಮತ ಬೀಳಬೇಕು.

ಕೆಟ್ಟ ಶುರು ಕಂಡು ಹೆದರಬೇಕಾಗಿಯೂ ಇಲ್ಲ. ಫೈನಲ್ ಫ್ಯಾಂಟಸಿ 14 ಮೊದಲು ಬಂದದ್ದು 2010ರಲ್ಲಿ, ಮಕಾಡೆ ಬಿತ್ತು. ನವೋಕಿ ಯೋಶಿದಾ ಎಂಬವರ ಕೈಗೆ ಕೊಟ್ಟರು. ಅವರು ಕಥೆಯಲ್ಲೇ ಒಂದು ಚಂದ್ರನನ್ನು ಕೆಳಗೆ ಬೀಳಿಸಿ ಹಳೇ ಲೋಕವನ್ನು ನಾಶ ಮಾಡಿದರು, 2013ರಲ್ಲಿ ಹೊಸದು ಕಟ್ಟಿದರು. 2021ರ ಡಿಸೆಂಬರಿನಲ್ಲಿ ಜನ ಎಷ್ಟು ನುಗ್ಗಿದರು ಅಂದರೆ ಸರ್ವರ್ ತಡೆಯದೆ ಸ್ವಲ್ಪ ಕಾಲ ಮಾರಾಟವನ್ನೇ ನಿಲ್ಲಿಸಬೇಕಾಯಿತು. ಸಿಟಿ ಆಫ್ ಹೀರೋಸ್ ಕಥೆ ಇನ್ನೂ ವಿಚಿತ್ರ. 2012ರ ನವೆಂಬರಿನಲ್ಲಿ ಮುಚ್ಚಿತು. ಅಭಿಮಾನಿಗಳು ಅವರಷ್ಟಕ್ಕೇ ಸರ್ವರ್ ಇಟ್ಟು ನಡೆಸಿದರು. 2024ರಲ್ಲಿ ಕಂಪನಿಯೇ ಅವರಲ್ಲಿ ಒಂದು ತಂಡಕ್ಕೆ ಅಧಿಕೃತ ಪರವಾನಗಿ ಕೊಟ್ಟಿತು.

ಇಷ್ಟು ಹೇಳುವಾಗ ಗೋಳಿಬಜೆ ಖಾಲಿ ಆಗಿತ್ತು. ಹುಡುಗ ಪಟ್ಟಿಯಲ್ಲಿ ಮೂರು ಹೆಸರು ಅಳಿಸಿದ. ಲ್ಯಾಪ್‌ಟಾಪ್ ಹಳೇದು, ಹಾಸ್ಟೆಲಿನ ವೈಫೈ ಕೇಳುವುದೇ ಬೇಡ. ಮೊಬೈಲಿನಲ್ಲೂ ಅದೇ ಪಾತ್ರ ಆಡಬಹುದು ಅಂತ ಕೊನೆಗೆ ಅಲ್ಬಿಯನ್ ಹಾಕಿಕೊಂಡ. ಅವನ ವಿಂಗಿನ ನಾಲ್ವರು ಅದರಲ್ಲಿ ಮೊದಲೇ ಇದ್ದರಂತೆ.

ನಿನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು.

"ಮಾವ, ಎತ್ತು ಹೋಯ್ತು."

"ಎಲ್ಲಿ?"

"ಕೇರ್ಲಿಯನ್ ದಾರಿಯಲ್ಲಿ. ಎರಡು ವಾರದ ಅದಿರು ಮಾವ. ಮೂರು ಜನ ಬಂದ್ರು, ಎಲ್ಲ ತಕೊಂಡು ಹೋದ್ರು."

"ಒಬ್ಬನೇ ಯಾಕೆ ಹೋದದ್ದು?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾಳೆ ಐದು ಜನ ಒಟ್ಟಿಗೆ ಹೋಗುದು ಅಂತ ಮಾಡಿದ್ದೇವೆ. ಅವರು ಎಲ್ಲಿ ಅಡಗಿ ಕೂರ್ತಾರೆ ಅಂತ ಈಗ ಗೊತ್ತುಂಟು. ನೀವು ಬರ್ತೀರಾ?"

ಇವತ್ತು ಒಂಬತ್ತೂವರೆಗೆ ಅಂತ ಹೇಳಿದ್ದಾನೆ. ಬೆಳಿಗ್ಗೆಯಿಂದ ಗುಡುಗುತ್ತಿದೆ, ಅಷ್ಟರೊಳಗೆ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಬೇಕು.